ಸಮೀಪಾರ್ಥಕ ಆಂಗ್ಲ ಪದಗಳು: ಒಂದು ಅರ್ಥವಿವೇಚನೆ

ಯಾವ ಭಾಷೆಯಲ್ಲಿಯೂ ಎರಡು ಶಬ್ದಗಳು ಸರ್ವಥಾ ಒಂದೇ ಅರ್ಥವನ್ನು ಹೊತ್ತು ಬಹುಕಾಲ ಬಾಳುವುದು ವಿರಳ. ಒಂದೇ ಮನೆಯಲ್ಲಿ ಒಂದೇ ಕೆಲಸಕ್ಕೆ ಇಬ್ಬರು ನಿಂತರೆ ಕೆಲವು ದಿನಗಳಲ್ಲಿಯೇ ಅವರು ತಮ್ಮತಮ್ಮೊಳಗೆ ಕೆಲಸವನ್ನು ಹಂಚಿಕೊಳ್ಳುತ್ತಾರೆ. ಶಬ್ದಗಳ ಬಾಳೂ ಹಾಗೆಯೇ. ಅಮರಸಿಂಹನು ತನ್ನ ಕೋಶದಲ್ಲಿ ಪರ್ಯಾಯ ಪದಗಳನ್ನು ಒಂದೆಡೆ ಪೋಣಿಸಿ ಕೊಟ್ಟನು. ಅಷ್ಟಕ್ಕೆ ತೃಪ್ತನಾಗದೆ ಮೂರನೆಯ ಕಾಂಡದಲ್ಲಿ ನಾನಾರ್ಥವರ್ಗವನ್ನೂ ರಚಿಸಿದನು. ಒಂದು ಅರ್ಥಕ್ಕೆ ಹಲವು ಶಬ್ದಗಳುಂಟು, ಒಂದು ಶಬ್ದಕ್ಕೆ ಹಲವು ಅರ್ಥಗಳುಂಟು ಎಂಬ ಎರಡು ಸತ್ಯಗಳನ್ನೂ ಬಲ್ಲವನು ಮಾತ್ರ ಕೋಶವನ್ನು ಸರಿಯಾಗಿ ಬಳಸಬಲ್ಲನು.

ನಮ್ಮ ಹಾವೇರಿ, ರಾಣೆಬೆನ್ನೂರು, ಬ್ಯಾಡಗಿ ಭಾಗದ ಕನ್ನಡ ಮಾಧ್ಯಮದ ವಿದ್ಯಾರ್ಥಿಗಳು ಇಂಗ್ಲಿಷ್ ಪದಗಳನ್ನು ಕಲಿಯುವ ರೀತಿಯಾದರೋ ಈ ಸತ್ಯಕ್ಕೆ ವಿರುದ್ಧವಾಗಿದೆ. ಟಿಪ್ಪಣಿ ಪುಸ್ತಕದ ಎಡಬದಿಯಲ್ಲಿ ಒಂದು ಇಂಗ್ಲಿಷ್ ಪದ, ಬಲಬದಿಯಲ್ಲಿ ಒಂದು ಕನ್ನಡ ಪದ. 'ಸೀ' ಎಂದರೆ ನೋಡು. 'ಲುಕ್' ಎಂದರೆ ನೋಡು. 'ವಾಚ್' ಎಂದರೂ ನೋಡು. ಹೀಗೆ ಬರೆದುಕೊಂಡ ಹುಡುಗನು ಪರೀಕ್ಷೆಯಲ್ಲಿ ಒಂದರ ಬದಲು ಇನ್ನೊಂದನ್ನು ಬರೆದು ಅಂಕ ಕಳೆದುಕೊಳ್ಳುತ್ತಾನೆ. ಅಂಕ ಹೋದುದು ದೊಡ್ಡದಲ್ಲ. "ಈ ಭಾಷೆಗೆ ಗೊತ್ತುಗುರಿಯಿಲ್ಲ, ಇದು ಪಟ್ಟಣದ ಮಕ್ಕಳಿಗೇ ಸರಿ" ಎಂಬ ನಿರಾಶೆ ಮನಸ್ಸಿನಲ್ಲಿ ಬೇರೂರುತ್ತದಲ್ಲ, ಅದು ದೊಡ್ಡ ನಷ್ಟ. ಈ ನಿರಾಶೆ ನಿರಾಧಾರವಾದುದೆಂದು ತೋರಿಸುವುದೇ ಈ ಲೇಖನದ ಉದ್ದೇಶ. ಇಂಗ್ಲಿಷ್ ಮಾಡುವ ಬಹುಪಾಲು ಅರ್ಥಭೇದಗಳನ್ನು ನಮ್ಮ ಹೊಲ, ಸಂತೆ, ಅಂಗಡಿಗಳ ಕನ್ನಡವೂ ಮಾಡುತ್ತದೆ. ತೂಗುವ ತಕ್ಕಡಿ ನಮ್ಮ ಕೈಯಲ್ಲಿಯೇ ಇದೆ. ತೂಗಿ ನೋಡುವ ಅಭ್ಯಾಸವಷ್ಟೇ ಬೇಕು.

ಮೊದಲು, ಇಂಗ್ಲಿಷಿನಲ್ಲಿ ಸಮೀಪಾರ್ಥಕ ಪದಗಳು ಇಷ್ಟೊಂದು ಏಕೆ ಎಂಬುದನ್ನು ವಿಚಾರಿಸೋಣ. ನಮ್ಮ ವ್ಯಾಕರಣ ಪರಂಪರೆಯು ಕನ್ನಡದ ಶಬ್ದಸಂಪತ್ತನ್ನು ದೇಶ್ಯ, ತತ್ಸಮ, ತದ್ಭವ, ಅನ್ಯದೇಶ್ಯ ಎಂದು ವಿಂಗಡಿಸುತ್ತದೆ. ಇಂಗ್ಲಿಷಿನಲ್ಲಿಯೂ ಇಂಥ ಪದರಗಳಿವೆ. ಆ ನಾಡಿನ ಹಳೆಯ ಜನರ ಮಾತು ತಳದ ಪದರ. 1066ರಲ್ಲಿ ನಾರ್ಮಂಡಿಯ ವಿಲಿಯಮ್ ಇಂಗ್ಲೆಂಡನ್ನು ಗೆದ್ದ ಮೇಲೆ ಅರಮನೆಯ ಹಾಗೂ ನ್ಯಾಯಸ್ಥಾನದ ಭಾಷೆಯಾಗಿ ಬಂದ ಫ್ರೆಂಚ್ ಎರಡನೆಯ ಪದರ. ವಿದ್ವಾಂಸರು ಗ್ರಂಥಗಳಿಂದ ತಂದ ಲ್ಯಾಟಿನ್ ಮೂರನೆಯದು. 'ಆಸ್ಕ್' ಎಂಬುದು ಮೂಲ ಪದರದ್ದು, 'ಕ್ವೆಶ್ಚನ್' ಫ್ರೆಂಚಿನಿಂದ ಬಂದುದು, 'ಇಂಟರಾಗೇಟ್' ಲ್ಯಾಟಿನ್ನಿನದು. ಈ ಮೂರಕ್ಕೂ ಟಿಪ್ಪಣಿ ಪುಸ್ತಕವು ಕೇಳು ಎಂದೇ ಬರೆದೀತು. ಆದರೆ ಕನ್ನಡದ ಕಿವಿಯಿಂದ ಕೇಳಿ ನೋಡಿರಿ. "ವಿದ್ಯಾರ್ಥಿಯು ಗುರುಗಳನ್ನು ಕೇಳಿದನು" ಎಂಬಲ್ಲಿ ವಿನಯವಿದೆ. "ವಿದ್ಯಾರ್ಥಿಯು ಗುರುಗಳನ್ನು ಪ್ರಶ್ನಿಸಿದನು" ಎಂದೊಡನೆ ಎದುರು ನಿಂತಂತಾಯಿತು. "ಪೊಲೀಸರು ಅವನನ್ನು ವಿಚಾರಣೆಗೆ ಒಳಪಡಿಸಿದರು" ಎಂಬಲ್ಲಿ ಅಧಿಕಾರದ ಬಿಗುವಿದೆ. 'ಆಸ್ಕ್', 'ಕ್ವೆಶ್ಚನ್', 'ಇಂಟರಾಗೇಟ್' ಪದಗಳ ನಡುವಣ ಅಂತರವೂ ಇದೇ. ದೇಶ್ಯವಾದ ಕೇಳು ಮನೆಯ ಮಾತಾಗಿ ಉಳಿಯಿತು, ಸಂಸ್ಕೃತದಿಂದ ಬಂದ ಪದಗಳು ಚಾವಡಿಯ ಕೆಲಸಕ್ಕೆ ನಿಂತವು. ದೂರದ ಎರಡು ನಾಡುಗಳಲ್ಲಿ ಭಾಷೆಯು ಒಂದೇ ನ್ಯಾಯವನ್ನು ಅನುಸರಿಸಿತು.

ಗೌರವದ ತಾರತಮ್ಯವೂ ಹೀಗೆಯೇ ಹುಟ್ಟುತ್ತದೆ. ಮನೆಯಲ್ಲಿ ಊಟ, ಸಮಾರಂಭದಲ್ಲಿ ಭೋಜನ, ಮಠದ ದಾಸೋಹದಲ್ಲಿ ಪ್ರಸಾದ. ಎಲೆಯ ಮೇಲಿನ ಅನ್ನ ಒಂದೇ. ಎತ್ತು ಸತ್ತಿತು ಎನ್ನುತ್ತೇವೆ, ನೆರೆಮನೆಯ ಹಿರಿಯರು ತೀರಿಕೊಂಡರು ಎನ್ನುತ್ತೇವೆ, ಪೂಜ್ಯರು ಲಿಂಗೈಕ್ಯರಾದರು ಎನ್ನುತ್ತೇವೆ. ಇವುಗಳನ್ನು ಅದಲುಬದಲು ಮಾಡಿದವನನ್ನು ಸಭೆ ಕ್ಷಮಿಸದು. ಇಷ್ಟು ಸೂಕ್ಷ್ಮವನ್ನು ಬಾಲ್ಯದಲ್ಲಿಯೇ ಬಲ್ಲ ಹುಡುಗನಿಗೆ 'ಡೈ', 'ಪಾಸ್ ಅವೇ' ಎಂಬವುಗಳ ಭೇದವನ್ನು ತಿಳಿಯುವುದು ಅಸಾಧ್ಯವೆಂದು ಯಾರು ಹೇಳಬಲ್ಲರು?

ಹಾಗಾದರೆ ಭೇದವನ್ನು ಕಂಡುಹಿಡಿಯುವ ಉಪಾಯವೇನು? ಉಪಾಯವನ್ನು ನಮ್ಮ ಶಾಬ್ದಿಕರು ಎಂದೋ ಹೇಳಿದ್ದಾರೆ. ಶಬ್ದದ ಅರ್ಥವು ಸಂದೇಹಾಸ್ಪದವಾದಾಗ ಅದನ್ನು ನಿರ್ಣಯಿಸುವ ಸಾಧನಗಳನ್ನು ಭರ್ತೃಹರಿಯು ವಾಕ್ಯಪದೀಯದ ಎರಡನೆಯ ಕಾಂಡದಲ್ಲಿ ಎಣಿಸಿಕೊಟ್ಟಿದ್ದಾನೆ. ಅವುಗಳಲ್ಲಿ ನಮ್ಮ ಕೆಲಸಕ್ಕೆ ಮೂರು ಸಾಕು: ಸಾಹಚರ್ಯ, ವಿರೋಧ, ಪ್ರಕರಣ. ಶಬ್ದವು ಯಾರ ಜೊತೆಯಲ್ಲಿ ನಡೆಯುತ್ತದೆ ಎಂಬುದು ಸಾಹಚರ್ಯ; ಅದರ ಎದುರಾಳಿ ಯಾರು ಎಂಬುದು ವಿರೋಧ; ಯಾವ ಸಂದರ್ಭದಲ್ಲಿ ಬಂದಿದೆ ಎಂಬುದು ಪ್ರಕರಣ. ಸೈಂಧವವೆಂದರೆ ಉಪ್ಪೂ ಹೌದು, ಕುದುರೆಯೂ ಹೌದು. ಊಟಕ್ಕೆ ಕುಳಿತವನು ಸೈಂಧವ ತಾ ಎಂದರೆ ಕುದುರೆಯನ್ನು ತಂದು ನಿಲ್ಲಿಸುವವನು ಮೂಢನೇ ಸರಿ.

ವಿರೋಧದ ಪರೀಕ್ಷೆಯನ್ನು 'ಹೈ' ಮತ್ತು 'ಟಾಲ್' ಪದಗಳಿಗೆ ಹಚ್ಚಿ ನೋಡೋಣ. ಎರಡಕ್ಕೂ ಎತ್ತರ ಎಂಬ ಅರ್ಥವೇ ಇದೆ. ಆದರೆ 'ಹೈ' ಪದದ ಎದುರಾಳಿ 'ಲೋ', 'ಟಾಲ್' ಪದದ ಎದುರಾಳಿ 'ಶಾರ್ಟ್'. ಈಗ ಕನ್ನಡಕ್ಕೆ ಬನ್ನಿರಿ. ಎತ್ತರವಲ್ಲದ ಮನುಷ್ಯನನ್ನು ಕುಳ್ಳ ಎನ್ನುತ್ತೇವೆ, ತಗ್ಗು ಎನ್ನುವುದಿಲ್ಲ. ಎತ್ತರವಲ್ಲದ ನೆಲವನ್ನು ತಗ್ಗು ಎನ್ನುತ್ತೇವೆ, ಕುಳ್ಳ ಎನ್ನುವುದಿಲ್ಲ. ಧಾರಣೆ ತಗ್ಗಿತು ಎನ್ನುತ್ತೇವೆ, ಧಾರಣೆ ಕುಳ್ಳಾಯಿತು ಎಂದವನನ್ನು ಕಂಡು ಸಂತೆ ನಗುತ್ತದೆ. ಕುಳ್ಳ ಎಂಬ ಮಾತು ಸಲ್ಲುವಲ್ಲಿ 'ಶಾರ್ಟ್', ತಗ್ಗು ಸಲ್ಲುವಲ್ಲಿ 'ಲೋ'. ಆದುದರಿಂದ ಮನುಷ್ಯನು 'ಟಾಲ್', ಬೆಟ್ಟವೂ ಬೆಲೆಯೂ 'ಹೈ'.

ಇನ್ನು ಕಣ್ಣು ಕಿವಿಗಳ ವ್ಯಾಪಾರಕ್ಕೆ ಬರೋಣ. "ಎಲ್ಲ ಕಡೆ ನೋಡಿದೆ, ಕಳೆದುಹೋದ ಕರು ಕಾಣಲಿಲ್ಲ" ಎಂಬ ರೈತನ ಮಾತಿನಲ್ಲಿಯೇ 'ಲುಕ್' ಮತ್ತು 'ಸೀ' ಪದಗಳ ಭೇದ ಸ್ಪಷ್ಟವಾಗಿದೆ. ಕಣ್ಣು ಹಾಯಿಸುವ ಪ್ರಯತ್ನ ನೋಟ. ಕಣ್ಣಿಗೆ ದೊರೆತ ಫಲ ಕಾಣ್ಕೆ. 'ಲುಕ್' ಎಂಬುದು ಪ್ರಯತ್ನ, 'ಸೀ' ಎಂಬುದು ಫಲ. ಚಲಿಸುವುದನ್ನೋ ಬದಲಾಗುವುದನ್ನೋ ಎಚ್ಚರದಿಂದ ನೋಡುತ್ತಲೇ ಇರುವುದು 'ವಾಚ್'. ರಾತ್ರಿ ಕಾಯುವವನನ್ನು 'ವಾಚ್‌ಮನ್' ಎನ್ನುತ್ತಾರೆಯೇ ಹೊರತು 'ಲುಕ್‌ಮನ್' ಎನ್ನುವುದಿಲ್ಲ ಎಂಬುದನ್ನು ನೆನಪಿಟ್ಟರೆ ಮರೆವಿಲ್ಲ. 'ಲಿಸನ್', 'ಹಿಯರ್' ಪದಗಳ ಸಂಬಂಧವೂ ಇಂಥದೇ. "ನಾನು ಪ್ರವಚನವನ್ನು ಕೇಳಿದೆನು" ಎಂಬುದು 'ಲಿಸನ್'. "ನನಗೆ ಗಂಟೆಯ ಸದ್ದು ಕೇಳಿಸಿತು" ಎಂಬುದು 'ಹಿಯರ್'. ಇಲ್ಲಿ ಕನ್ನಡದ ಒಂದು ಸೊಗಸನ್ನು ಗಮನಿಸಬೇಕು. ನಾವು ಬೇರೊಂದು ಧಾತುವಿನ ಗೊಡವೆಗೆ ಹೋಗದೆ, ನಾನು ಎಂಬ ಪ್ರಥಮೆಯನ್ನು ನನಗೆ ಎಂಬ ಚತುರ್ಥಿಗೆ ತಿರುಗಿಸಿ, ಕೇಳು ಎಂಬುದನ್ನು ಕೇಳಿಸು ಎಂದು ಮಾರ್ಪಡಿಸಿ ಅದೇ ಭೇದವನ್ನು ಸಾಧಿಸುತ್ತೇವೆ. ಇಂಗ್ಲಿಷ್ ಎರಡು ಪದಗಳಿಂದ ಮಾಡುವ ಕೆಲಸವನ್ನು ಕನ್ನಡ ವಿಭಕ್ತಿಯಿಂದಲೂ ಪ್ರತ್ಯಯದಿಂದಲೂ ಮಾಡುತ್ತದೆ.

ಕೆಲವೆಡೆ ನಮ್ಮ ಭಾಷೆಯೇ ಹೆಚ್ಚು ಸೂಕ್ಷ್ಮ. ನೆರೆಮನೆಯಿಂದ ಏಣಿಯನ್ನು ಎರವಲು ತರುತ್ತೇವೆ. ಅದೇ ಏಣಿಯನ್ನು ಹಿಂದಿರುಗಿಸಬೇಕು. ಒಂದು ಸೇರು ಹಿಟ್ಟನ್ನು ಕಡ ತರುತ್ತೇವೆ. ಅದೇ ಹಿಟ್ಟನ್ನಲ್ಲ, ಅಷ್ಟೇ ಹಿಟ್ಟನ್ನು ಕೊಡಬೇಕು. ಹಣವನ್ನು ಸಾಲ ತರುತ್ತೇವೆ. ಬಡ್ಡಿಯ ಮಾತು ಬರುತ್ತದೆ. ಇಂಗ್ಲಿಷಿನಲ್ಲಿ ಈ ಮೂರಕ್ಕೂ 'ಬಾರೋ' ಎಂಬುದೊಂದೇ ಸಾಮಾನ್ಯ ಪದ. ಆದರೆ ಇಂಗ್ಲಿಷ್ ಇನ್ನೊಂದು ಭೇದವನ್ನು ಬಿಗಿಯಾಗಿ ಹಿಡಿದಿದೆ: ಕೊಡುವುದು 'ಲೆಂಡ್', ತರುವುದು 'ಬಾರೋ'. ನಾವು ಸಾಲ ಕೊಡು, ಸಾಲ ತೆಗೆದುಕೊ ಎಂದು ಕ್ರಿಯಾಪದದಿಂದ ತೋರಿಸುವ ದಿಕ್ಕನ್ನು ಅವರು ಪದದೊಳಗೆಯೇ ಇಟ್ಟಿದ್ದಾರೆ. ಬ್ಯಾಂಕಿನಿಂದ ಪಡೆದುದು 'ಲೋನ್', ಕಿರಾಣಿ ಅಂಗಡಿಯ ಉದ್ರಿ 'ಕ್ರೆಡಿಟ್', ಹೇಗೆ ಪಡೆದರೂ ತೀರಿಸಬೇಕಾಗಿ ಉಳಿದುದು 'ಡೆಟ್'. ತಂದೆತಾಯಿಗಳ ಋಣವೂ 'ಡೆಟ್' ಆಗಬಲ್ಲುದು, 'ಲೋನ್' ಆಗಲಾರದು.

ಬ್ಯಾಡಗಿಯ ಹೆಸರನ್ನು ದೇಶದೇಶಾಂತರಗಳಿಗೆ ಒಯ್ದ ಮೆಣಸಿನಕಾಯಿಯ ಹೆಸರಿನಲ್ಲಿಯೇ ಒಂದು ಪಾಠವಿದೆ. ಈ ಗಿಡ ನಮ್ಮದಲ್ಲ; ಅಮೇರಿಕ ಖಂಡದಿಂದ ಪೋರ್ಚುಗೀಸರ ಮೂಲಕ 16ನೆಯ ಶತಮಾನದಲ್ಲಿ ಭಾರತಕ್ಕೆ ಬಂದುದು. ಅದಕ್ಕೆ ಮೊದಲು ನಮಗೆ ಖಾರವೆಂದರೆ ಕರಿಮೆಣಸು. ಹೊಸ ಕಾಯಿಯ ಖಾರವನ್ನು ಕಂಡ ಕನ್ನಡಿಗನು ಹಳೆಯ ಹೆಸರನ್ನೇ ಹಿಗ್ಗಿಸಿ ಮೆಣಸಿನಕಾಯಿ ಎಂದನು. ಯುರೋಪಿನವರೂ ಹಾಗೆಯೇ ಕರಿಮೆಣಸಿನ ಹೆಸರಾದ 'ಪೆಪರ್' ಎಂಬುದನ್ನು ಹೊಸ ಕಾಯಿಗೂ ಹಚ್ಚಿದರು. ಮೆಕ್ಸಿಕೋದ ನಾಹ್ವಾಟಲ್ ಭಾಷೆಯಿಂದ ಬಂದ 'ಚಿಲ್ಲಿ' ಎಂಬ ಹೆಸರೂ ಜೊತೆಗೆ ಉಳಿಯಿತು. ಆದುದರಿಂದ ಬರಿಯ 'ಪೆಪರ್' ಎಂದರೆ ಪ್ರಕರಣವನ್ನು ನೋಡಿಯೇ ಅರ್ಥ ಹೇಳಬೇಕು. 'ಚಿಲ್ಲಿ' ಎಂದರೆ ಸಂದೇಹವಿಲ್ಲ. 'ಹಾಟ್' ಎಂಬ ಪದದಲ್ಲಿಯೂ ಇಂಥದೇ ತೊಡಕು. ಬಿಸಿ ಮತ್ತು ಖಾರ ನಮಗೆ ಎರಡು; ಆಂಗ್ಲರಿಗೆ ಎರಡೂ 'ಹಾಟ್'. ಶಾಸ್ತ್ರೀಯವಾಗಿ ಹೇಳಬೇಕಾದಾಗ ಅವರು ಖಾರದ ಗುಣವನ್ನು 'ಪಂಜೆನ್ಸಿ' ಎಂದು ಬೇರ್ಪಡಿಸುತ್ತಾರೆ. 2011ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ಪಡೆದ ಬ್ಯಾಡಗಿ ಮೆಣಸಿನಕಾಯಿಯ ಹಿರಿಮೆ ಇರುವುದು ಖಾರದಲ್ಲಿ ಅಲ್ಲ, ಕಡುಗೆಂಪು ಬಣ್ಣದಲ್ಲಿ. ಈ ಬಣ್ಣದ ಸತ್ವವನ್ನು ತೆಗೆದು ಆಹಾರ ಪದಾರ್ಥಗಳಿಗೆ ಬಳಸುತ್ತಾರೆ. ಇದನ್ನು 'ಹಾಟ್' ಎಂದು ಪರದೇಶದ ಗಿರಾಕಿಗೆ ಬಣ್ಣಿಸಿದವನು ತನ್ನ ಸರಕಿನ ಗುಣವನ್ನೇ ಮರೆಸಿದಂತಾಗುತ್ತದೆ.

ಮಾರುಕಟ್ಟೆಯ ಮಾತು ಬಂದುದರಿಂದ ಬೆಲೆಗೆ ಸಂಬಂಧಿಸಿದ ಪದಗಳನ್ನು ವಿವೇಚಿಸುವುದು ಯುಕ್ತ. 'ರೇಟ್', 'ಪ್ರೈಸ್', 'ಕಾಸ್ಟ್', 'ವ್ಯಾಲ್ಯೂ' ಎಂಬ ನಾಲ್ಕಕ್ಕೂ ಬೆಲೆ ಎಂದು ಬರೆದುಕೊಳ್ಳುವುದು ವಾಡಿಕೆ. ಬ್ಯಾಡಗಿಯ ಅಂಗಳದಲ್ಲಿ ನಿಂತ ರೈತನನ್ನು ಕೇಳಿದರೆ ಅವನು ನಾಲ್ಕನ್ನೂ ಬಿಡಿಸಿ ಹೇಳುತ್ತಾನೆ. ಕ್ವಿಂಟಲಿಗೆ ಇಷ್ಟು ಎಂಬ ಇಂದಿನ ಧಾರಣೆ 'ರೇಟ್'. ತನ್ನ ಚೀಲಗಳನ್ನು ಕೊಟ್ಟು ಪಡೆದ ಬೆಲೆ 'ಪ್ರೈಸ್'. ಬೀಜ, ಗೊಬ್ಬರ, ಔಷಧ, ಆಳುಗಳ ಕೂಲಿ ಎಲ್ಲ ಸೇರಿ ತನಗೆ ತಗಲಿದ ವೆಚ್ಚ 'ಕಾಸ್ಟ್'. ಸರಕಿಗೆ ನಿಜವಾಗಿ ಇರುವ ಮೌಲ್ಯ 'ವ್ಯಾಲ್ಯೂ'. 'ಪ್ರೈಸ್' ಎಂಬುದು 'ಕಾಸ್ಟ್'ಗಿಂತ ಕೆಳಗಿಳಿದ ವರ್ಷ ರೈತನ ಮನೆಯಲ್ಲಿ ಸಾಲ ಹುಟ್ಟುತ್ತದೆ. ಭಾರತ ಸರಕಾರವು 1965ರಲ್ಲಿ ಸ್ಥಾಪಿಸಿದ ಕೃಷಿ ಬೆಲೆಗಳ ಆಯೋಗಕ್ಕೆ 1985ರಲ್ಲಿ ಕೃಷಿ ವೆಚ್ಚ ಮತ್ತು ಬೆಲೆಗಳ ಆಯೋಗ ಎಂಬ ಹೆಸರಾಯಿತು. ವೆಚ್ಚ ಬೇರೆ, ಬೆಲೆ ಬೇರೆ ಎಂಬ ವಿವೇಕ ಹೆಸರಿಗೇ ಬಂದಿತು. ಆ ಆಯೋಗದ ಶಿಫಾರಸಿನ ಮೇಲೆ ಬೆಂಬಲ ಬೆಲೆ ಪಡೆಯುವ ಬೆಳೆಗಳಲ್ಲಿ ಗೋವಿನಜೋಳ ಮತ್ತು ಹತ್ತಿಗಳಿವೆ, ಒಣಮೆಣಸಿನಕಾಯಿ ಇಲ್ಲ. 2024ರ ಮಾರ್ಚ್ ತಿಂಗಳಲ್ಲಿ ಧಾರಣೆ ಕುಸಿದಾಗ ಬ್ಯಾಡಗಿಯ ಮಾರುಕಟ್ಟೆಯಲ್ಲಿ ರೈತರ ಆಕ್ರೋಶವು ವಾಹನಗಳಿಗೆ ಬೆಂಕಿ ಬೀಳುವ ಮಟ್ಟಕ್ಕೆ ಹೋಯಿತು. ನಿಘಂಟಿನಲ್ಲಿ ಅಂಗುಲದಷ್ಟಿರುವ ಅಂತರ ಅಂಗಳದಲ್ಲಿ ಹೊಟ್ಟೆಪಾಡಿನ ಅಂತರವಾಗುವುದು ಹೀಗೆ.

ಮಾರುವ ಕ್ರಮದಲ್ಲಿಯೂ ಎರಡು ಪದಗಳುಂಟು. ಎಲ್ಲರೂ ಕೇಳುವಂತೆ ಕೂಗಿ ಒಬ್ಬನ ಮೇಲೊಬ್ಬನು ಬೆಲೆ ಏರಿಸುವುದು 'ಆಕ್ಷನ್'; ನಾವು ಹರಾಜು, ಲಿಲಾವು ಎನ್ನುವುದು ಇದನ್ನೇ. ಒಬ್ಬನು ಬರೆದುದು ಇನ್ನೊಬ್ಬನಿಗೆ ತಿಳಿಯದಂತೆ ಬೆಲೆ ಸೂಚಿಸಿ, ತೆರೆದಾಗ ಹೆಚ್ಚು ಬರೆದವನಿಗೆ ಸರಕು ಸಲ್ಲುವುದು 'ಟೆಂಡರ್'. ಕೂಗಿನಲ್ಲಿ ಎದುರಾಳಿಯ ಮುಖ ನೋಡಿ ಬೆಲೆ ಏರಿಸಬಹುದು. 'ಟೆಂಡರ್'ನಲ್ಲಿ ತನ್ನ ಅಂದಾಜೇ ತನಗೆ ದಿಕ್ಕು.

ರಾಣೆಬೆನ್ನೂರಿನ ಸುತ್ತಣ ಹಳ್ಳಿಗಳಲ್ಲಿ ಬೀಜೋತ್ಪಾದನೆ ಅನೇಕ ಕುಟುಂಬಗಳ ಜೀವನಾಧಾರ. ಹೆಣ್ಣುಮಕ್ಕಳು ಹೂವಿನ ಕೇಸರವನ್ನು ಕೈಯಿಂದ ತೆಗೆದು ಪರಾಗ ಮುಟ್ಟಿಸಿ ಸಂಕರ ಬೀಜ ಮಾಡುತ್ತಾರೆ. ಅಲ್ಲಿ 'ಗ್ರೇನ್', 'ಸೀಡ್' ಎಂಬ ಪದಗಳ ಭೇದವನ್ನು ಯಾರಿಗೂ ಕಲಿಸಬೇಕಾಗಿಲ್ಲ: ತಿನ್ನುವುದು ಕಾಳು, ಬಿತ್ತುವುದು ಬೀಜ. ಕಲಿಸಬೇಕಾದುದು 'ವೆರೈಟಿ' ಮತ್ತು 'ಹೈಬ್ರಿಡ್' ಪದಗಳ ಭೇದವನ್ನು. 'ವೆರೈಟಿ' ಎಂದರೆ ಸ್ಥಿರವಾದ ತಳಿ. ಇದರ ಕಾಳನ್ನು ಎತ್ತಿಟ್ಟು ಮರುವರ್ಷ ಬಿತ್ತಿದರೆ ಹೆಚ್ಚುಕಡಿಮೆ ಅದೇ ಗುಣ ಬರುತ್ತದೆ. 'ಹೈಬ್ರಿಡ್' ಎಂದರೆ ಎರಡು ತಳಿಗಳ ಸಂಕರ. ಇದರ ಕಾಳನ್ನು ಮತ್ತೆ ಬಿತ್ತಿದರೆ ಗುಣ ಚದರಿಹೋಗುತ್ತದೆ, ಪ್ರತಿವರ್ಷ ಹೊಸ ಬೀಜ ಕೊಳ್ಳಬೇಕು. 1972ರಲ್ಲಿ ಧಾರವಾಡದಿಂದ ಬಂದ ವರಲಕ್ಷ್ಮಿ ಹತ್ತಿ ಇಂಥ ಸಂಕರವೇ. ನಮ್ಮ ಆಡುಮಾತಿನಲ್ಲಾದರೋ ಹೈಬ್ರಿಡ್ ಎಂಬುದು ರುಚಿಯಿಲ್ಲದ್ದು, ನಾಟಿಯಲ್ಲದ್ದು ಎಂಬ ಅರ್ಥಕ್ಕೆ ಜಾರಿದೆ. ಎರವಲು ಬಂದ ಪದವು ನಮ್ಮ ಮನೆಯಲ್ಲಿ ಬೇರೆ ಗುಣ ಕಲಿಯುತ್ತದೆ. ಆದುದರಿಂದ ಕನ್ನಡದೊಳಗಿನ ಇಂಗ್ಲಿಷ್ ಪದದ ಅರ್ಥವೇ ಇಂಗ್ಲಿಷಿನಲ್ಲಿಯೂ ಇರುವುದೆಂದು ನಂಬಬಾರದು.

ಬೀಜದ ಚೀಲಕ್ಕೆ ಕಟ್ಟಿದ ಚೀಟಿಯಲ್ಲಿಯೂ ಎರಡು ಪದಗಳನ್ನು ಬೇರೆಬೇರೆಯಾಗಿ ಓದಬೇಕು. 1966ರ ಬೀಜ ಕಾಯಿದೆಯ ಪ್ರಕಾರ ಅಧಿಸೂಚಿತ ಬೀಜಗಳಿಗೆ 'ಲೇಬಲ್' ಕಡ್ಡಾಯ, 'ಸರ್ಟಿಫಿಕೇಷನ್' ಐಚ್ಛಿಕ. 'ಸರ್ಟಿಫೈಡ್' ಎಂದರೆ ಪ್ರಮಾಣನ ಸಂಸ್ಥೆಯವರು ಹೊಲವನ್ನು ನೋಡಿ, ಬೀಜವನ್ನು ಪರೀಕ್ಷಿಸಿ ನೀಲಿ ಚೀಟಿ ಕೊಟ್ಟುದು. 'ಟ್ರೂತ್‌ಫುಲ್ ಲೇಬಲ್' ಎಂದರೆ ಬೀಜ ಮಾಡಿದವರೇ ಹಸುರು ಚೀಟಿಯಲ್ಲಿ ಗುಣವನ್ನು ಘೋಷಿಸಿದುದು. ಎರಡೂ ಕಾನೂನಿಗೆ ಸಮ್ಮತವಾದವುಗಳೇ. ಆದರೆ ಒಂದು ಪರರ ಸಾಕ್ಷ್ಯ, ಇನ್ನೊಂದು ತನ್ನ ಮಾತು.

ಕೊನೆಯದಾಗಿ, ಸಹಿ ಹಾಕುವ ಕಾಗದಗಳ ಪದಗಳು. ಬ್ಯಾಂಕಿನಲ್ಲಿ ಬಂಗಾರವನ್ನಿಟ್ಟು ಹಣ ಪಡೆದರೆ ಅದು 'ಪ್ಲೆಜ್', ಅಂದರೆ ಒತ್ತೆ ಅಥವಾ ಗಿರವಿ. ವಸ್ತುವು ಸಾಲ ಕೊಟ್ಟವರ ವಶಕ್ಕೆ ಹೋಗುತ್ತದೆ. 1872ರ ಕರಾರು ಕಾಯಿದೆ ಇದನ್ನು ಹೇಳುತ್ತದೆ. ಹೊಲ ಮನೆಗಳಂಥ ಸ್ಥಿರಾಸ್ತಿಯ ಮೇಲಿನ ಹಕ್ಕನ್ನು ಆಧಾರವಾಗಿ ಕೊಟ್ಟರೆ ಅದು 'ಮಾರ್ಟ್‌ಗೇಜ್', ಅಂದರೆ ಅಡಮಾನ. ಇದು 1882ರ ಸ್ವತ್ತು ವರ್ಗಾವಣೆ ಕಾಯಿದೆಯ ವಿಷಯ. ಹೊಲವನ್ನೇ ಬಿಟ್ಟುಕೊಟ್ಟು, ಅದರ ಫಲವನ್ನು ಸಾಲ ಕೊಟ್ಟವನು ಉಣ್ಣುವುದಾದರೆ ನಮ್ಮವರು ಅದಕ್ಕೆ ಭೋಗ್ಯವೆಂಬ ಸೊಗಸಾದ ಹೆಸರಿಟ್ಟಿದ್ದಾರೆ. ಟ್ರ್ಯಾಕ್ಟರನ್ನು ಆಧಾರವಾಗಿ ತೋರಿಸಿ, ಅದನ್ನು ತಾನೇ ಓಡಿಸುತ್ತಿದ್ದರೆ ಅದು 'ಹೈಪಾಥಿಕೇಷನ್'. ವಸ್ತು ಯಾರ ವಶದಲ್ಲಿದೆ ಎಂಬ ಒಂದು ಪ್ರಶ್ನೆಯನ್ನು ಕೇಳಿಕೊಂಡರೆ ಒತ್ತೆಗೂ 'ಹೈಪಾಥಿಕೇಷನ್'ಗೂ ಇರುವ ಅಂತರ ತಾನಾಗಿ ತಿಳಿಯುತ್ತದೆ.

ಇವೆಲ್ಲಕ್ಕಿಂತ ಮಿಗಿಲಾದ ಎಚ್ಚರಿಕೆ 'ವಿಟ್ನೆಸ್' ಮತ್ತು 'ಶ್ಯೂರಿಟಿ' ಪದಗಳಲ್ಲಿ ಬೇಕು. ಮೊದಲನೆಯದು ಸಾಕ್ಷಿ, ಎರಡನೆಯದು ಜಾಮೀನು. ಸಾಕ್ಷಿ ಹಾಕಿದವನು ತಾನು ಕಂಡುದನ್ನು ಹೇಳಿದರೆ ಸಾಕು. ಜಾಮೀನಾದವನ ಹೊಣೆಯು, ಕರಾರಿನಲ್ಲಿ ಬೇರೆ ಮಾತಿಲ್ಲದಿದ್ದರೆ, ಸಾಲಗಾರನ ಹೊಣೆಯಷ್ಟೇ ವ್ಯಾಪಕವಾದುದೆಂದು ಕರಾರು ಕಾಯಿದೆಯ 128ನೆಯ ಕಲಮು ಹೇಳುತ್ತದೆ. ಸಾಲಗಾರ ತೀರಿಸದಿದ್ದರೆ ಇವನು ತೀರಿಸಬೇಕು. ಗೆಳೆಯನು ಸಹಿ ಹಾಕೆಂದು ತಂದ ಇಂಗ್ಲಿಷ್ ಕಾಗದದಲ್ಲಿ ತನ್ನ ಹೆಸರಿನ ಮೇಲೆ ಈ ಎರಡರಲ್ಲಿ ಯಾವ ಪದವಿದೆ ಎಂದು ಓದಬಲ್ಲ ಮಗನೋ ಮಗಳೋ ಮನೆಯಲ್ಲಿದ್ದರೆ ಒಂದು ಹೊಲ ಉಳಿದೀತು.

ವಿದ್ಯಾರ್ಥಿಗಳು ಇಷ್ಟು ಮಾಡಲಿ. ಹೊಸ ಇಂಗ್ಲಿಷ್ ಪದವನ್ನು ಒಂಟಿಯಾಗಿ ಬರೆದುಕೊಳ್ಳದೆ ಅದು ಬಂದ ವಾಕ್ಯದೊಡನೆ ಬರೆದುಕೊಳ್ಳಲಿ. ಅದರ ಜೊತೆಗಾರ ಪದವನ್ನೂ ಎದುರಾಳಿ ಪದವನ್ನೂ ಪಕ್ಕದಲ್ಲಿ ಗುರುತಿಸಲಿ. ಆ ಬಳಿಕ ಅದೇ ಸಂದರ್ಭದಲ್ಲಿ ತಮ್ಮ ಊರಿನವರು ಏನೆನ್ನುತ್ತಾರೆಂದು ವಿಚಾರಿಸಲಿ. ಕಿಟೆಲ್ ಮಹಾಶಯರು 1894ರಲ್ಲಿ ಮಂಗಳೂರಿನಿಂದ ಪ್ರಕಟವಾದ ತಮ್ಮ ಕನ್ನಡ-ಇಂಗ್ಲಿಷ್ ಕೋಶದಲ್ಲಿ ಒಂದು ಕನ್ನಡ ಪದಕ್ಕೆ ಒಂದೇ ಇಂಗ್ಲಿಷ್ ಪದವನ್ನು ಕೊಟ್ಟು ಸುಮ್ಮನಾಗಲಿಲ್ಲ. ಅರ್ಥಗಳನ್ನು ಬಿಡಿಸಿಬಿಡಿಸಿ ಇಟ್ಟರು. ಪರದೇಶದಿಂದ ಬಂದವರು ನಮ್ಮ ಮಾತಿಗಾಗಿ ಪಟ್ಟ ಶ್ರಮವನ್ನು ನಾವು ಅವರ ಮಾತಿಗಾಗಿ ಸ್ವಲ್ಪವಾದರೂ ಪಡಬಾರದೇ?

ಕನ್ನಡವು ಇಂಗ್ಲಿಷಿಗೆ ಅಡ್ಡಿ ಎಂಬ ಮಾತನ್ನು ಪಾಲಕರು ನಂಬಬಾರದು. ಇಂದಿನ ಹಾವೇರಿ ಜಿಲ್ಲೆಯ ಸವಣೂರಿನಲ್ಲಿ 1909ರಲ್ಲಿ ಹುಟ್ಟಿದ ವಿನಾಯಕ ಕೃಷ್ಣ ಗೋಕಾಕರು ಇಂಗ್ಲಿಷಿನ ಪ್ರಾಧ್ಯಾಪಕರಾಗಿ ಕೀರ್ತಿ ಪಡೆದರು. ಕನ್ನಡದ ಕವಿಯಾಗಿ ಜ್ಞಾನಪೀಠ ಪ್ರಶಸ್ತಿಗೆ ಪಾತ್ರರಾದರು. ಶಾಲೆಗಳಲ್ಲಿ ಕನ್ನಡಕ್ಕೆ ಅಗ್ರಸ್ಥಾನವಿರಬೇಕೆಂದು 1981ರಲ್ಲಿ ವರದಿ ಕೊಟ್ಟ ಸಮಿತಿಯ ಅಧ್ಯಕ್ಷರೂ ಅವರೇ ಆಗಿದ್ದರು. ತಾಯ್ನುಡಿಯಲ್ಲಿ ಕಾಣ್ಕೆಗೂ ನೋಟಕ್ಕೂ, ವೆಚ್ಚಕ್ಕೂ ಬೆಲೆಗೂ, ಸಾಕ್ಷಿಗೂ ಜಾಮೀನಿಗೂ ಇರುವ ಅಂತರವನ್ನು ಬಲ್ಲವನು ಪರನುಡಿಯಲ್ಲಿಯೂ ಅದನ್ನು ಅರಸಿ ಕಂಡುಕೊಳ್ಳುತ್ತಾನೆ. ನಮ್ಮ ಮಕ್ಕಳು ಆ ಅಂತರವನ್ನು ಕಾಣುವ ಕಣ್ಣುಳ್ಳವರಾಗಲಿ, ಆಡುವ ಮಾತಿನಲ್ಲಿಯೂ ಹಾಕುವ ಸಹಿಯಲ್ಲಿಯೂ ಎಚ್ಚರವುಳ್ಳವರಾಗಲಿ ಎಂದು ಹಾರೈಸಿ ಈ ಲೇಖನವನ್ನು ಮುಗಿಸುತ್ತೇನೆ.